ಸದ್ದಿಗೆ ಹತ್ತುವ ದೀಪ

ಮೇಜಿನ ಆಚೆ ಬದಿಯಲ್ಲಿ ಕೂತಿರುವ ಅಪ್ಪನಿಗೆ,

ಒಂದೇ ಅಂಗಡಿಯಲ್ಲಿ ಕೂತು ನಿನಗೆ ಕಾಗದ ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬಾರದು. ಈಗ ಹೇಳಿದರೂ ನಿನಗೆ ಕೇಳಿಸುತ್ತದೆಯೇ ಎಂಬುದೇ ನನ್ನ ಅನುಮಾನ.

ಅದು ಶುರುವಾದದ್ದು ನೀನು ಪ್ರೋಗ್ರಾಂ ತುಂಬಿ ಓಡಿಸುವ ಆ ಅಂಗೈಯಗಲದ ಬೋರ್ಡು, ಉಗುರಿನಷ್ಟು ಮೈಕು, ಒಂದು ಸುರುಳಿ ಎಲ್‌ಇಡಿ ಪಟ್ಟಿ ತಂದ ದಿನ. "ಸದ್ದಿಗೆ ಕುಣಿಯೋ ಲೈಟು ಮಾಡೋಣ ಕಣೇ. ಅಂಗಡಿಗೊಂದು ಕಳೆ ಬರ್ಲಿ" ಅಂದೆ. ಪ್ರೋಗ್ರಾಂ ನನಗೆ ಬರೋದಿಲ್ಲವೆಂದರೆ, "ಸಾಹಿತ್ಯ ಓದಿದೋಳು ನೀನು. ಇದೂ ಬರೆಯೋದೇ ತಾನೆ?" ಎಂದು ಬಾಯಿ ಮುಚ್ಚಿಸಿದೆ. ಮೂವತ್ತು ವರ್ಷ ಸ್ಪೀಕರ್ ರಿಪೇರಿ ಮಾಡಿಯೂ ಗೋಡೆಗೊಮ್ಮೆ ಬಣ್ಣ ಹೊಡೆಸದವನಿಗೆ ಏಕಾಏಕಿ ಅಂದಚಂದದ ಹುಚ್ಚೇಕೆ?

ಮೈಕು ಅಳೆಯುವ ಸದ್ದಿನ ಅಂಕಿ ಮುನ್ನೂರು ದಾಟಿದರೆ ದೀಪ ಹತ್ತಲಿ ಎಂದು ನಾನು ಬರೆದೆ. ಚಪ್ಪಾಳೆಗೆ ಝಗ್ಗನೆ ಹತ್ತಿತು. ನಿನಗೆ ಸಾಲಲಿಲ್ಲ. "ಸಣ್ಣ ಸದ್ದಿಗೂ ಹತ್ಲಿ." ಇನ್ನೂರಕ್ಕಿಳಿಸಿದೆ. "ಇನ್ನೂ." ಎಂಬತ್ತಕ್ಕೆ ಬಂದಾಗ, ಗಿರಾಕಿ ಬಾಗಿಲಲ್ಲಿ ಮೆಲ್ಲಗೆ "ಇದೀರಾ?" ಎಂದರೂ ಹತ್ತಿತು. ಆದರೆ ಪಟ್ಟಿಯನ್ನು ನೀನು ಬೀದಿಗೆ ಕಾಣುವಂತೆ ಕಟ್ಟಲಿಲ್ಲ. ಬೆಸುಗೆ ಹಾಕುವ ಜಾಗದಲ್ಲಿ, ನಿನ್ನ ಕಣ್ಣಿನ ನೇರಕ್ಕೆ ಅಂಟಿಸಿಕೊಂಡೆ.

ಅಂದಿನಿಂದ ಕಳ್ಳನನ್ನು ಕಾಯುವಂತೆ ನಿನ್ನನ್ನು ಕಾದೆ. ಯಾರಾದರೂ ಕರೆದರೆ ಮೊದಲು ದೀಪ ಹತ್ತುತ್ತಿತ್ತು, ಆಮೇಲೆ ನಿನ್ನ ತಲೆ ಏಳುತ್ತಿತ್ತು. ಸ್ಪೀಕರಿಗೆ ಕಿವಿ ಕೊಡುವ ಬದಲು ನೀನು ಅದರ ಅದುರುವ ಕಾಗದದ ಮೇಲೆ ಎರಡು ಬೆರಳಿಟ್ಟು ನೋಡುತ್ತಿದ್ದೆ. ಬ್ಯಾಂಡಿನವನು ಸ್ಪೀಕರ್ ಪೆಟ್ಟಿಗೆ ವಾಪಸು ತಂದು, "ಸದ್ದು ಇನ್ನೂ ಒಡೀತಿದೆ ಯಜಮಾನ್ರೇ" ಎಂದಾಗ ನೀನು ಸುಮ್ಮನೆ ನಕ್ಕೆ. ಮೊದಲಿನ ಅಪ್ಪನಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದ.

ಮೊನ್ನೆ ಮಂಗಳವಾರ ನಾನು ಮೈಕಿನ ತಂತಿ ಕಿತ್ತೆ. ನಿನ್ನ ಬೆನ್ನ ಹಿಂದೆ ನಿಂತು "ಅಪ್ಪಾ" ಎಂದೆ. ಇನ್ನೊಮ್ಮೆ, ಗಂಟಲು ಬಿರಿಯುವಂತೆ. ಹುಟ್ಟಿದಾಗಿನಿಂದ ಯಾರನ್ನೂ ಅಷ್ಟು ಜೋರಾಗಿ ಕರೆದವಳಲ್ಲ ನಾನು; ಎದುರಿನ ದರ್ಜಿ ಹೊಲಿಗೆ ನಿಲ್ಲಿಸಿ ಇಣುಕಿದ. ನೀನು ತಿರುಗಲಿಲ್ಲ. ನಾನು ತಂತಿ ಸಿಕ್ಕಿಸಿ ಮನೆಗೆ ಓಡಿದೆ.

ಮರುದಿನ ನೋಡಿದರೆ ಅದೇ ತಂತಿಗೆ ಕಪ್ಪು ಟೇಪು, ಇನ್ನೊಮ್ಮೆ ಯಾರೂ ಕೀಳದ ಹಾಗೆ ಬಿಗಿಯಾಗಿ ಮೂರು ಸುತ್ತು. ಹಾಗಾದರೆ ನೀನೂ ನನ್ನನ್ನು ಕಾಯುತ್ತಿದ್ದೆಯಾ? ಕಿವಿ ಕೇಳದವನ ಕೈಗೆ ಯಾರೂ ಸ್ಪೀಕರ್ ಕೊಡುವುದಿಲ್ಲವೆಂದು, ಅಮ್ಮನಿಗೂ ಹೇಳದೆ ಒಬ್ಬನೇ ಹೆದರಿಕೊಂಡಿದ್ದೆಯಾ?

ನಾನು ಯಾರಿಗೂ ಹೇಳಿಲ್ಲ. ಸೋಮವಾರ ನನ್ನ ಜೊತೆ ಕಿವಿ ಡಾಕ್ಟರ ಹತ್ತಿರ ಬಾ. ಅಲ್ಲಿಯತನಕ ಯಾವ ಸ್ಪೀಕರ್ ಒಡೆಯುತ್ತಿದೆಯೆಂದು ನಾನು ಕೇಳಿ ಹೇಳುತ್ತೇನೆ, ನೀನು ಸರಿಮಾಡು. ಕಾಗದ ನೋಡಲಿಲ್ಲವೆಂದು ಮಾತ್ರ ಸಾಧಿಸಬೇಡ. ಬೆಸುಗೆ ಕಡ್ಡಿಯ ಕೆಳಗೇ ಇಡುತ್ತೇನೆ.

ಪ್ರೋಗ್ರಾಂಗೆ ಇವತ್ತು ಕೆಲವು ಸಾಲು ಸೇರಿಸಿದ್ದೇನೆ. ಮೇಜನ್ನು ಬಿಡದೆ ಮೂರು ಸಲ ತಟ್ಟಿದರೆ ದೀಪ ಬೆಳ್ಳಗಾಗುವುದಿಲ್ಲ, ನೀಲಿಯಾಗುತ್ತದೆ. ಹಾಗೆ ತಟ್ಟಬೇಕೆಂದು ಗೊತ್ತಿರುವುದು ನನಗೊಬ್ಬಳಿಗೇ. ನೀಲಿ ಕಂಡಾಗ ಕೇಳಿಸಿಕೊಂಡವನ ಹಾಗೆ ನಟಿಸಬೇಕಾಗಿಲ್ಲ. ಸುಮ್ಮನೆ ನನ್ನ ಕಡೆ ತಿರುಗಿದರೆ ಸಾಕು.

ನಿನ್ನ ಬೆರಳುಗಳು ಬಹುಕಾಲ ಚುರುಕಾಗಿರಲಿ.

ಈಗ ಮೇಜು ತಟ್ಟಲಿರುವ,
ನಿನ್ನ ಮಗಳು