ಕತ್ತರಿ ಕಾಣದ ಗಡ್ಡ

ಅಂಗಡಿಯ ಹಿಂದಿನ ಮನೆ,
ಭಾನುವಾರ, ಊಟವಾದ ಮೇಲೆ

ಪ್ರೀತಿಯ ಪುಟ್ಟಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ದಿನವೆಲ್ಲ ನಿಂತು ಕೆಲಸ ಮಾಡುವವರ ಕಾಲಿನ ಗತಿ ಏನಾಗುತ್ತದೆ ಎಂಬುದನ್ನು ನಿಮ್ಮಪ್ಪನ ಕಾಲು ಒತ್ತಿ ಒತ್ತಿ ಕಲಿತವಳು ನಾನು. ಗಿರಾಕಿ ಇಲ್ಲದಾಗ ಕುರ್ಚಿ ಖಾಲಿ ಇರುತ್ತದಲ್ಲ, ಕೂತುಕೋ. ಅಂಗಡಿಯವನು ಗಿರಾಕಿಯ ಕುರ್ಚಿಯಲ್ಲಿ ಕೂರಬಾರದು ಎಂಬುದೆಲ್ಲ ನಿಮ್ಮಪ್ಪನ ಕಾನೂನು, ಅದನ್ನು ಅಲ್ಲಿಗೂ ಹೊತ್ತುಕೊಂಡು ಹೋಗಬೇಡ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಔಷಧಿ ಅಂಗಡಿಯವನು ಈ ಸಲ ಬೇರೆ ಬಣ್ಣದ ಮಾತ್ರೆ ಕೊಟ್ಟು, ಎಲ್ಲಾ ಒಂದೇ ತಗೊಳ್ಳಿ ಅಂದ. ನಾನು ನಂಬಲಿಲ್ಲ, ಡಾಕ್ಟರಿಗೆ ತೋರಿಸಿ ಬಂದೆ. ಒಂದೇ ಆಗಿತ್ತು. ಆದರೂ ಕೇಳುವುದರಲ್ಲಿ ತಪ್ಪೇನಿದೆ.

ಫೋನು ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಅಡುಗೆಮನೆಗೂ ಅಂಗಡಿಗೂ ನಡುವೆ ಇರುವುದು ಒಂದೇ ಒಂದು ಹಲಗೆ ಎಂಬುದು ನಿನಗೆ ಗೊತ್ತು. ಈ ಕಡೆ ನಾನು ಚಮಚ ಬೀಳಿಸಿದರೆ ಆ ಕಡೆಯಿಂದ ನಿಮ್ಮಪ್ಪ ಏನದು ಎನ್ನುತ್ತಾರೆ. ಈ ವಿಷಯ ಅವರ ಕಿವಿಗೆ ಬೀಳಬಾರದು. ನಿನ್ನ ಊರಿನ ಬಸ್ಸು ಓಡಿಸುವುದು ನಿನ್ನ ಮಾವನೇ ಆದ್ದರಿಂದ ಅವನ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ಓದಿದ ಮೇಲೆ ಹರಿದುಹಾಕು.

ವಿಷಯ ಏನೆಂದರೆ, ನಿಮ್ಮಪ್ಪ ಗಡ್ಡ ಬಿಟ್ಟಿದ್ದಾರೆ.

ನಗಬೇಡ. ಬೆಳಗ್ಗೆ ಟೀ ಕುಡಿಯುವ ಮೊದಲು ಮುಖ ನುಣ್ಣಗೆ ಮಾಡಿಕೊಳ್ಳದಿದ್ದರೆ ಆ ಮನುಷ್ಯನಿಗೆ ದಿನವೇ ಹುಟ್ಟುತ್ತಿರಲಿಲ್ಲ. ನಿನ್ನನ್ನು ಹೆತ್ತು ಮಲಗಿದ್ದಾಗ ಆಸ್ಪತ್ರೆಗೆ ತಡವಾಗಿ ಬಂದದ್ದೇ ಶೇವಿಂಗ್ ಮುಗಿದಿರಲಿಲ್ಲ ಎಂದು. ಅಂಥವರು ಒಂದು ಬೆಳಗ್ಗೆ ಹಾಗೇ ಬಂದು ಟೀಗೆ ಕೂತರು. ಯಾಕೆ ಅಂದೆ. ಬ್ಲೇಡು ಮುಗಿದಿದೆ ಅಂದರು. ಕ್ಷೌರದಂಗಡಿಯಲ್ಲಿ ಬ್ಲೇಡು ಮುಗಿಯಿತು ಎಂದರೆ ಹೊಳೆಯಲ್ಲಿ ನೀರು ಮುಗಿಯಿತು ಎಂದ ಹಾಗೆ. ಸುಳ್ಳು ಹೇಳುವುದಕ್ಕೂ ಅಭ್ಯಾಸ ಬೇಕು, ನಿಮ್ಮಪ್ಪನಿಗೆ ಅದಿಲ್ಲ. ನಾನು ಅವತ್ತೇ ಕಣ್ಣಿಟ್ಟೆ.

ಮೊದಲು ಚರ್ಮಕ್ಕೆ ಏನೋ ಆಗಿದೆ, ಮುಚ್ಚಿಡುತ್ತಿದ್ದಾರೆ ಅಂದುಕೊಂಡೆ. ಮಧ್ಯಾಹ್ನ ಬೆಂಚಿನ ಮೇಲೆ ತೂಕಡಿಸುವಾಗ ಹತ್ತಿರ ಹೋಗಿ ನೋಡಿದೆ, ಏನೂ ಇಲ್ಲ. ಗಲ್ಲದ ಮೇಲೆಲ್ಲ ಬಿಳಿ, ಕೆನ್ನೆಯ ಮೇಲೆ ಇನ್ನೂ ಕಪ್ಪು, ಎಡಗಡೆ ದವಡೆಯ ಹತ್ತಿರ ಕೂದಲು ಸುಳಿ ತಿರುಗಿ ನಿಂತಿದೆ, ಅಷ್ಟೇ. ಇಷ್ಟು ವರ್ಷ ಸಂಸಾರ ಮಾಡಿದ ಮುಖದಲ್ಲಿ ಇಂಥದೊಂದು ಸುಳಿ ಇದೆಯೆಂದು ನನಗೂ ಗೊತ್ತಿರಲಿಲ್ಲ. ಆಮೇಲೆ ವೈರಾಗ್ಯವೇನಾದರೂ ಬಂತೇ ಎಂದು ಹೆದರಿದೆ. ಆದರೆ ವೈರಾಗ್ಯ ಬಂದವರು ಎರಡನೇ ಸಲ ಬಡಿಸಿಕೊಂಡು ಉಪ್ಪು ಕಡಿಮೆ ಎನ್ನುವುದಿಲ್ಲ.

ಅಷ್ಟರಲ್ಲಿ ಆರೈಕೆ ಶುರುವಾಯಿತು. ಕನ್ನಡಿಯ ಹಿಂದೆ ಮರದ ಸಣ್ಣ ಬಾಚಣಿಗೆ ಅಡಗಿಸಿಟ್ಟಿದ್ದಾರೆ. ದಿನವೂ ಎಣ್ಣೆ ಹಚ್ಚಿ, ಬೆರಳಲ್ಲಿ ತಿಕ್ಕಿ, ಮೇಲಿಂದ ಕೆಳಕ್ಕೆ ಬಾಚುತ್ತಾರೆ. ಮೊದಮೊದಲು ಕಡಿತ ತಾಳಲಾರದೆ ಬಾಚಣಿಗೆಯ ಹಿಡಿಯಿಂದ ಕೆರೆದುಕೊಳ್ಳುತ್ತಿದ್ದರು, ಟೀ ಕುಡಿದಾಗಲೆಲ್ಲ ಮೀಸೆ ಗಡ್ಡ ಎರಡನ್ನೂ ಟವೆಲ್ಲಿನಲ್ಲಿ ಒರೆಸುತ್ತಿದ್ದರು, ಆದರೂ ತೆಗೆಯಲಿಲ್ಲ. ಇಷ್ಟೆಲ್ಲ ಮಾಡುವವರು ಒಂದು ಸಲವಾದರೂ ಅದಕ್ಕೆ ಕತ್ತರಿ ತಾಗಿಸಬೇಡವೇ? ಸುತ್ತಲೂ ಕತ್ತರಿಗಳೇ. ಒಂದು ಕೂದಲು ಕತ್ತರಿಸಿಲ್ಲ. ಕೆಳಗೆ ಎಳೆಎಳೆಯಾಗಿ ಜೋಲುತ್ತಿದೆ. ಗಿರಾಕಿಗಳು, ಅಂಗಡಿಯೋರ ಮುಖವೇ ಹೀಗಿದ್ರೆ ನಮ್ಮ ಗತಿ ಏನು ಎಂದು ಛೇಡಿಸುತ್ತಾರೆ. ನಾನೇ ಒಪ್ಪ ಮಾಡಿಕೊಡ್ಲಾ ಎಂದು ಒಬ್ಬ ತಮಾಷೆಗೆ ಕತ್ತರಿ ಎತ್ತಿಕೊಂಡರೆ ಕಸಿದುಕೊಂಡು, ಇದಕ್ಕೆ ಬೇರೆಯವರ ಕೈ ಬೇಕು ಅಂದರು. ಹಲಗೆಯ ಈ ಕಡೆ ನಿಂತಿದ್ದ ನನ್ನ ಕಿವಿ ನೆಟ್ಟಗಾಯಿತು. ಯಾರ ಕೈ?

ಎದುರು ಸಾಲಿನ ಬಟ್ಟೆ ಹೊಲಿಯುವವಳು ಒಂದು ದಿನ ರಸ್ತೆಯಿಂದಲೇ, ನಿಮಗೆ ಗಡ್ಡ ಒಪ್ಪುತ್ತೆ ಎಂದಿದ್ದಳು. ಇವರು ಹಲ್ಲು ಕಿರಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ನೀನು ಮಗ, ನಿನ್ನ ಹತ್ತಿರ ಇದನ್ನು ಹೇಳಬಾರದು, ಆದರೆ ಇನ್ಯಾರ ಹತ್ತಿರ ಹೇಳಲಿ? ಅವಳ ಹತ್ತಿರ ದಿಂಬಿನ ಚೀಲ ಹೊಲಿಸುವುದನ್ನು ಬಿಟ್ಟೆ. ಅದಾದ ಮೇಲೆ ರಜೆ ಬಂದಾಗಲೆಲ್ಲ ಇವರು ಇಸ್ತ್ರಿ ಅಂಗಿ ಹಾಕಿಕೊಂಡು, ಕತ್ತರಿ ಸಾಣೆ ಹಿಡಿಸಿ ಬರ್ತೀನಿ ಎಂದು ಹೊರಡತೊಡಗಿದರು. ಡ್ರಾಯರು ತೆಗೆದು ನೋಡುತ್ತೇನೆ, ಕತ್ತರಿಗಳೆಲ್ಲ ಅಲ್ಲೇ ಮಲಗಿವೆ. ಸಂಜೆ ಬಂದಾಗ, ಕತ್ತರಿ ಚೆನ್ನಾಗಿ ಹರಿತವಾಯ್ತಾ ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವರು ಗಡ್ಡ ಮುಟ್ಟಿ ನೋಡಿಕೊಂಡರು.

ಕೊನೆಗೆ ನಿನ್ನ ಮಾವನಿಗೆ ಹೇಳಿದೆ, ದಾರಿಯಲ್ಲಿ ಭಾವ ಎಲ್ಲಾದರೂ ಕಂಡರೆ ನೋಡಿಟ್ಟುಕೋ ಎಂದು. ನಿನ್ನೆ ಬಂದು ಹೇಳಿದ. ಅವರು ಬರುತ್ತಿರುವುದು ನಿನ್ನ ಊರಿಗೆ. ನಿನ್ನ ಅಂಗಡಿಯ ಎದುರಿನ ಟೀ ಅಂಗಡಿಯಲ್ಲಿ, ಕಂಬದ ಮರೆಗೆ ಕೂತು, ಖಾಲಿ ಲೋಟ ಹಿಡಿದುಕೊಂಡು ನಿನ್ನ ಬಾಗಿಲನ್ನೇ ನೋಡುತ್ತಿರುತ್ತಾರಂತೆ. ಯಾರು ಬಂದರು, ಯಾರು ಎದ್ದರು, ನೀನು ಯಾರಿಗೆ ಹೇಗೆ ಕತ್ತರಿ ಹಿಡಿದೆ, ಎಲ್ಲ. ಬಸ್ಸು ನಿಲ್ಲಿಸಿದ ಮಾವನಿಗೂ ಎರಡನೇ ಸಲ ನೋಡಿದ ಮೇಲೇ ಗುರುತು ಸಿಕ್ಕಿದ್ದು.

ಈಗ ತಿಳಿಯಿತೇ, ಗಡ್ಡ ಯಾಕೆ ಎಂದು? ವೇಷ. ನಿನಗೆ ಗುರುತು ಸಿಗಬಾರದು. ನೀನು ಜಗಳವಾಡಿ ಹೋದಂದಿನಿಂದ ನಿನ್ನ ಹೆಸರೆತ್ತಿದರೆ ರೇಡಿಯೋ ಜೋರು ಮಾಡುವವರು ಅವರು. ಗಡ್ಡ ಬೆಳೆಸಿಕೊಳ್ಳೋರಿಗೇ ಒಂದು ಅಂಗಡಿ ಮಾಡ್ತೀನಿ, ತೀಡಿ ಒಪ್ಪ ಮಾಡಿಕೊಡ್ತೀನಿ ಎಂದು ನೀನು ಅಂದದ್ದಕ್ಕೆ, ನಮ್ಮ ಕಸುಬು ಗಡ್ಡ ತೆಗೆಯೋದು, ಸಾಕೋದಲ್ಲ ಎಂದು ಕುದಿದಿದ್ದರು. ಬೂದಿ ಮುಚ್ಚಿದ ಕೆಂಡ ಅದು, ಆರಿಲ್ಲ. ಒಂದಲ್ಲ ಒಂದು ದಿನ ನಿನ್ನ ಗಿರಾಕಿಗಳ ಮುಂದೆ ಒಳಗೆ ನುಗ್ಗಿ, ಕತ್ತರಿ ಹಿಡಿಯೋದು ಹೀಗಾ ಎಂದು ಮಾನ ಕಳೆಯುತ್ತಾರೆ. ಎರಡು ವರ್ಷ ಕಷ್ಟಪಟ್ಟು ಕಟ್ಟಿದ್ದೀಯ. ನನಗೆ ಭಯವಾಗಿದೆ, ಪುಟ್ಟಾ. ನಿಮ್ಮಿಬ್ಬರ ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೇನೆ, ಆದರೂ ಈ ಸಲ ನಿನ್ನ ಕಡೆಗೇ ಮಾತಾಡುತ್ತಿದ್ದೇನೆ. ನಾಳಿದ್ದು ಮಂಗಳವಾರ, ನಮ್ಮ ಅಂಗಡಿಗೆ ರಜೆ, ನಿನ್ನದಕ್ಕಿಲ್ಲ. ಅವರು ಬಂದೇ ಬರುತ್ತಾರೆ. ಕಂಬದ ಹತ್ತಿರ ಆ ಗಡ್ಡ ಕಂಡ ಕೂಡಲೇ ಶಟರ್ ಎಳೆದು ಹಿಂದಿನ ಬಾಗಿಲಿಂದ ಹೊರಟುಬಿಡು. ಕೇಳಿದವರಿಗೆ ಮದುವೆಗೆ ಹೋಗಿದ್ದೆ ಅನ್ನು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಹೊಟ್ಟೆ ತಣ್ಣಗಿರಲಿ, ಕೈ ನಡುಗದಿರಲಿ, ಒಮ್ಮೆ ಕೂತು ಎದ್ದವರು ಮತ್ತೆ ಬಂದು ಕೂರುವಂತಾಗಲಿ.

ನಿನ್ನ
ಅಮ್ಮ

ತಾ.ಕ.: ಮಾವ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಇನ್ನೊಂದು ಕಾಗದ ಬರೆಯಲು ಹೊತ್ತಿಲ್ಲ. ಮೇಲೆ ಶಟರಿನ ವಿಷಯ ಬರೆದೆನಲ್ಲ, ಅದನ್ನು ಹೊಡೆದುಹಾಕು. ಈಗ ತಾನೇ ನಮ್ಮ ಮೇಷ್ಟ್ರು ಶೇವಿಂಗಿಗೆ ಬಂದಿದ್ದರು. ನಿಮ್ಮಪ್ಪ ಟೀ ತರಲು ಹೋದಾಗ ಅವರ ಹತ್ತಿರ ಗಡ್ಡದ ಗೋಳು ತೋಡಿಕೊಂಡೆ. ಅವರು ನಕ್ಕುಬಿಟ್ಟರು. ನೀನು ಮನೆ ಬಿಟ್ಟ ದಿನ ಆ ಕುರ್ಚಿಯಲ್ಲಿ ಅರ್ಧ ಮುಖಕ್ಕೆ ನೊರೆ ಮೆತ್ತಿಕೊಂಡು ಕೂತಿದ್ದವರು ಅವರೇ ಅಲ್ಲವೇ? ನಾನು ಹಿತ್ತಲಲ್ಲಿ ಬಕೆಟ್ಟಿಗೆ ನೀರು ಬಿಟ್ಟಿದ್ದೆ, ನಿಮ್ಮಪ್ಪ ಬೀದಿಯಲ್ಲಿ ಕೂಗಿದ್ದು ಕೇಳಿತ್ತು, ಏನೆಂದು ಕೇಳಿರಲಿಲ್ಲ. ಇವತ್ತು ಮೇಷ್ಟ್ರ ಬಾಯಲ್ಲಿ ಕೇಳಿದೆ. 'ನಿನ್ನ ಅಂಗಡಿ ಮೆಟ್ಟಿಲು ನಾನು ಹತ್ತಬೇಕಾದ್ರೆ ಮೊದಲು ನನ್ನ ಮುಖದ ಮೇಲೆ ಗಡ್ಡ ಬೆಳೆದಿರಬೇಕು, ತಿಳ್ಕೋ' ಅಂದಿದ್ದರಂತೆ. ನಿನಗೆ ನೆನಪಿರಬೇಕು. ನನಗೆ ಯಾರೂ ಹೇಳಲಿಲ್ಲ. ಆಡಿದ ಮಾತು ಮುರಿಯುವವರಲ್ಲ ನಿಮ್ಮಪ್ಪ, ಅದಕ್ಕೇ ಬೆಳೆಸಿದ್ದಾರೆ. ಬೆಳೆಸಿಯೂ ರಸ್ತೆ ದಾಟಲು ಧೈರ್ಯ ಸಾಲದೆ ಲೋಟ ಹಿಡಿದುಕೊಂಡು ಕೂರುತ್ತಿದ್ದಾರೆ. ಇಷ್ಟು ದಿನ ಅವರನ್ನು ಏನೇನೋ ಅಂದುಕೊಂಡೆನಲ್ಲ ಎಂದು ಅಳು ಬಂತು. ನಾಳಿದ್ದು ನೀನೇ ರಸ್ತೆ ದಾಟಿ ಹೋಗಿ, ಕುರ್ಚಿ ಖಾಲಿ ಇದೆ ಬನ್ನಿ ಅನ್ನು, ಅಷ್ಟು ಸಾಕು, ಹಳೆಯದನ್ನು ಕೆದಕಬೇಡ. ಎಡಗಡೆ ಸುಳಿ ಇದೆ, ಕತ್ತರಿ ನಿಧಾನ. ಪೂರ್ತಿ ತೆಗೆದುಬಿಡು ಎಂದು ಅವರು ಎಷ್ಟೇ ಹೇಳಿದರೂ ಕೇಳಬೇಡ, ಸ್ವಲ್ಪ ಉಳಿಸು. ಇನ್ನೊಂದು ಸಲ ಬರಲು ಅವರಿಗೆ ನೆಪ ಬೇಕಲ್ಲ.