ಬಿಸಿಲಿಗಿಟ್ಟ ಬಾಟಲಿಗಳು

7 ಏಪ್ರಿಲ್ 2008
ಹನ್ನೆರಡು ಬಾಟಲಿ ತೊಳೆದು ಲ್ಯಾಬಿನ ಮಾಳಿಗೆ ಮೇಲಿಟ್ಟೆ. ಒಣಗಿಸುವ ಒವನ್ ಕೆಟ್ಟು ತಿಂಗಳಾಯಿತು. ಬಳ್ಳಾರಿ ಬಿಸಿಲಿರುವಾಗ ಒವನ್ ಯಾರಿಗೆ ಬೇಕು? ಮನೆಯಲ್ಲಿ ಅಮ್ಮಿಯೂ ಅಷ್ಟೇ — ಮೆಣಸಿನಕಾಯಿ, ಹಾಸಿಗೆ, ನನ್ನ ಪುಟ್ಟ ಮಗಳ ಹಾಲಿನ ಬಾಟಲಿ, ಎಲ್ಲ ಬಿಸಿಲಿಗೇ.

ಇಲಿಯ ಮಿದುಳಿನ ಕೋಶಗಳಿಗೆ ಕಬ್ಬಿಣದ ನ್ಯಾನೋ ಕಣ ಹಾಕಿದೆವು. ಸತ್ತವು. ಸರಿ. ಆದರೆ ಏನೂ ಹಾಕದೆ ಇಟ್ಟ ಕಂಟ್ರೋಲ್ ಪ್ಲೇಟಿನಲ್ಲೂ ಅರ್ಧ ಸತ್ತಿವೆ. ಏಕೆ?

12 ಏಪ್ರಿಲ್
ಮತ್ತೆ ಅದೇ. ಬಣ್ಣ ಹಾಕಿ ನೋಡಿದೆ. ಕಬ್ಬಿಣವಿದ್ದರೆ ನೀಲಿಯಾಗುತ್ತದೆ. ಕಂಟ್ರೋಲ್ ಪ್ಲೇಟ್ ನೀಲಿ! ಯಾರೋ ಹಾಕಿದ್ದಾರೆ.

ಲ್ಯಾಬಿನ ಕೀಲಿ ಇರುವುದು ಇಬ್ಬರ ಬಳಿ. ನಾನು, ಜೊತೆಗೆ ಕೆಲಸ ಮಾಡುವ ಹಂಪೇಶ್. ಕುರುಗೋಡಿನವನು. ಅವನ ಕಾಕಾನ ನಾಲ್ಕು ಲಾರಿ ಕಬ್ಬಿಣದ ಅದಿರು ಹೊಡೆಯುತ್ತವೆ. ಕಬ್ಬಿಣದ ಪುಡಿ ಮಿದುಳಿಗೆ ಕೆಟ್ಟದ್ದೆಂದು ಸಾಬೀತಾದರೆ ಯಾರಿಗೆ ತೊಂದರೆ? ಕಂಟ್ರೋಲ್ ಕೆಟ್ಟರೆ ಎರಡು ವರ್ಷದ ಕೆಲಸ ಕಸದ ಬುಟ್ಟಿಗೆ.

"ಯಾರು ಮುಟ್ಟ್ಯಾರ ಇದನ್ನ?" ಎಂದೆ.
"ನನ್ನ ಯಾಕ ನೋಡ್ತೀರಿ, ಶಮಕ್ಕಾ?"
ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

26 ಏಪ್ರಿಲ್
ನಾದಿನಿಯ ಮದುವೆಗೆಂದು ಸಿರುಗುಪ್ಪದಲ್ಲಿ ಹತ್ತು ದಿನ. ಬಂದು ನೋಡಿದರೆ ಹಂಪೇಶ್ ಬೆಳೆಸಿದ ಕಂಟ್ರೋಲ್ ಕೋಶಗಳೆಲ್ಲ ಜೀವಂತ. ಉದ್ದುದ್ದ ಎಳೆ ಬಿಟ್ಟಿವೆ.

"ನೀವಿಲ್ಲದಾಗ ಒಂದೂ ಸಾಯಲಿಲ್ಲ ನೋಡ್ರಿ" ಎಂದು ನಕ್ಕ. ಮೈ ಉರಿಯಿತು. ಮಾಳಿಗೆ ಹತ್ತಲು ಬೇಸರವಾಗಿ ಬಾಟಲಿಗಳನ್ನು ಲ್ಯಾಬಿನೊಳಗೇ ಒಣಗಿಸಿದನಂತೆ. ಸೋಮಾರಿ. ನನ್ನ ಪ್ಲೇಟುಗಳ ಮೇಲೇ ಇವನ ಕಣ್ಣು.

3 ಮೇ
ನನ್ನದು ಮತ್ತೆ ನೀಲಿ. ನಮ್ಮ ಗೈಡ್ ತಿಪ್ಪೇರುದ್ರಪ್ಪ ಸರ್‌ಗೆ ಹೇಳಿಯೇ ಬಿಟ್ಟೆ.
"ಖಾತ್ರಿ ಐತೇನಮ್ಮಾ?"
"ಐತ್ರಿ, ಸರ್."

ಸಂಜೆಗೆ ಹಂಪೇಶನ ಕೆಲಸ ಹೋಯಿತು. ಕೀಲಿ ನನ್ನ ಮೇಜಿನ ಮೇಲಿಟ್ಟ. ಜಗಳ ಮಾಡಲಿಲ್ಲ. "ಕಾಕಾನ ಲಾರಿ ಕಾಕಾಂದು, ಅಕ್ಕಾ. ನಂದಲ್ಲ" ಅಂದ, ಅಷ್ಟೇ.

13 ಮೇ
ಎರಡೂ ಕೀಲಿ ನನ್ನ ಬಳಿ. ಕಂಟ್ರೋಲ್ ಪ್ಲೇಟ್ ನೀಲಿ.

14 ಮೇ, ಮಧ್ಯಾಹ್ನ
ಬಾಟಲಿ ತರಲು ಮಾಳಿಗೆ ಹತ್ತಿದೆ. ಕೆಳಗೆ ಅದಿರು ಲಾರಿಗಳ ಸಾಲು. ಗೋಡೆ, ನೀರಿನ ಟ್ಯಾಂಕು, ನನ್ನ ಚಪ್ಪಲಿ — ಎಲ್ಲ ಕೆಂಪು. ದಿನಾ ನೋಡುವ ಅದಿರಿನ ಧೂಳಿನ ಕೆಂಪೇ. ಒಣಗಿದ ಬಾಟಲಿಯೊಳಗೆ ಒದ್ದೆ ಹತ್ತಿ ಆಡಿಸಿದೆ. ಅದೂ ಕೆಂಪಾಯಿತು.

ಕೋಶಗಳಿಗೆ ಆಹಾರದ ದ್ರವ ತುಂಬುವುದು ಇದರಲ್ಲೇ. ಹಬೆಗಿಟ್ಟರೆ ಕ್ರಿಮಿ ಸಾಯುತ್ತದೆ. ಕಬ್ಬಿಣ ಎಲ್ಲಿಗೆ ಹೋಗುತ್ತದೆ? ಹಾಕಿದವಳು ನಾನೇ. ಆ ಹತ್ತಿ ಹಿಡಿದೇ ಕೆಳಗಿಳಿದೆ.

ಸರ್‌ಗೆ ಹೇಳಿದೆ. ಹಂಪೇಶನಿಗೆ ಫೋನ್ ಮಾಡಿ ಎಲ್ಲ ಹೇಳಿ, ತಪ್ಪಾಯಿತು ಅಂದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಕೇಳಿದ —
"ಅದಿರಲಿ ಶಮಕ್ಕಾ... ಮನ್ಯಾಗ ಕೂಸಿನ ಹಾಲಿನ ಬಾಟ್ಲಿ ಎಲ್ಲಿ ಒಣಗಸ್ತೀರಿ?"

ಅದೇ ದಿನ, ಸಂಜೆ
ಲ್ಯಾಬಿನಿಂದ ಬ್ರೂಸ್‌ಪೇಟೆಯ ಮನೆಯವರೆಗೂ ಓಡಿದೆ.
"ಯಾಕ ಹಿಂಗ ಓಡಿ ಬಂದಿ?" ಅಮ್ಮಿ ಗಾಬರಿಯಾದಳು.
ಇರುವುದು ಎರಡು ಬಾಟಲಿ. ಒಂದು ಮಗಳ ಬಾಯಲ್ಲಿತ್ತು. ಕಿತ್ತುಕೊಂಡೆ, ಅಳುತ್ತಿದ್ದಾಳೆ. ಇನ್ನೊಂದು ಮಾಳಿಗೆ ಗೋಡೆಯ ಮೇಲೆ, ಒಣಗಿದೆ. ಹತ್ತಿ ಒದ್ದೆ ಮಾಡಿ ಒಳಗೆ ಆಡಿಸಿದೆ. ಹೊರಗೆ ತೆಗೆದರೆ ಹತ್ತಿ ಕೆಂಪು.