ಕಾಲು ಬಿಡದ ಹುಲ್ಲು

ಪ್ರೀತಿಯ ಮಗಳೇ,

ನಿನ್ನನ್ನು ಕರೆದಿರುವ ಹೊಸ ತಂಡದ ಪ್ಲಾಸ್ಟಿಕ್ ಹುಲ್ಲಿನ ಮೈದಾನ ಹೇಗಿದೆ ಎಂದು ಕೇಳಿದ್ದೆಯಲ್ಲ, ನಿನ್ನೆ ಹೋಗಿ ನೋಡಿ ಬಂದೆ. ಮೂವತ್ತು ವರ್ಷ ಫುಟ್‌ಬಾಲ್ ಮೈದಾನದಲ್ಲಿ ಹುಲ್ಲು ಬೆಳೆಸಿದವನು ಸುಮ್ಮನಿರುವುದುಂಟೇ? ಬಗ್ಗಿ ಮೂಸಿದೆ. ಹಳೇ ಟೈರಿನ ವಾಸನೆ.

"ಏನ್ ಯಜಮಾನ್ರೇ, ಮೇಯೋಕೆ ಬಂದ್ರಾ?" ಎಂದು ಅಲ್ಲಿನ ಮೇಲ್ವಿಚಾರಕ ನಕ್ಕ.

ನೆಲ ಕನ್ನಡಿಯಷ್ಟು ಸಮ, ಒಂದು ಗುಂಡಿಯಿಲ್ಲ. ಹಾಗಿದ್ದರೆ ಇಂಥ ನೆಲದಲ್ಲಿ ಆಟಗಾರರ ಮಂಡಿ ಹೋಗುತ್ತದೆ ಎನ್ನುತ್ತಾರಲ್ಲ, ಅದೇಕೆ? ಆಟದ ಬೂಟು ಹಾಕಿಕೊಂಡು ಕಾಲೂರಿ ಗಿರ್ರನೆ ತಿರುಗಿದೆ. ಮೈ ತಿರುಗಿತು, ಬೂಟು ತಿರುಗಲಿಲ್ಲ. ಮಂಡಿ ಚುರುಕ್ ಎಂದಿತು. ನಮ್ಮ ಮೈದಾನದಲ್ಲಾದರೆ ಹುಲ್ಲು ಬೇರುಸಹಿತ ಕಿತ್ತು ಬರುತ್ತದೆ, ಕಾಲು ಉಳಿಯುತ್ತದೆ. ಹಾಗೆ ಕಿತ್ತಿದ್ದಕ್ಕೇ "ಎಮ್ಮೆ ಥರ ತುಳೀತೀಯಲ್ಲೇ" ಎಂದು ನಿನ್ನನ್ನು ಬೈಯುತ್ತಿದ್ದೆ. ಕಿತ್ತು ಬರುವುದೂ ಹುಲ್ಲಿನ ಕೆಲಸವೇ ಎಂದು ನನಗೆ ಹೊಳೆದಿರಲಿಲ್ಲ.

ಆದರೆ ನಿನ್ನ ಎಡಮಂಡಿ ಹೋದದ್ದು ನನ್ನ ಹುಲ್ಲಿನ ಮೇಲೆಯೇ, ನಾನು ಮುಚ್ಚದೆ ಬಿಟ್ಟ ಗುಂಡಿಯಲ್ಲಿ. ಹೋಗಬೇಡ ಎನ್ನುವ ಬಾಯಿ ನನಗಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ನಿನ್ನ ಡಾಕ್ಟರಿಗೆ ಆ ನೆಲ ತೋರಿಸು. ಅಡಿಯಲ್ಲಿ ಗಿಡ್ಡ ಸ್ಟಡ್ಡುಗಳಿರುವ ಬೂಟು ತೆಗೆದುಕೋ, ನೆಲಕ್ಕೆ ಕಡಿಮೆ ಕಚ್ಚುತ್ತದೆ.

ಹೊರಡುವಾಗ ಮೇಲ್ವಿಚಾರಕ ಹೇಳಿದ: "ಇದಕ್ಕೆ ನೀರು, ಗೊಬ್ಬರ ಬೇಡ. ದಿನಾ ತಲೆ ಬಾಚ್ಬೇಕು ಅಷ್ಟೇ. ಎಳೆಗಳ ಮಧ್ಯೆ ಹಾಕಿರೋ ರಬ್ಬರ್ ಪುಡಿ ಸಮ ಇಲ್ದಿದ್ರೆ ಕಾಲು ಇನ್ನೂ ಕಚ್ಕೊಳ್ಳುತ್ತೆ."

ಬಾಚುವುದನ್ನು ಅಲ್ಲೇ ಕಲಿತು ಬಂದಿದ್ದೇನೆ. ನೀನು ಹೋಗುವುದಾದರೆ, ಮೊದಲ ದಿನದ ಅಭ್ಯಾಸ ಎಷ್ಟು ಗಂಟೆಗೆಂದು ತಿಳಿಸು. ಒಂದು ತಾಸು ಮುಂಚೆ ನಾನು ಅಲ್ಲಿರುತ್ತೇನೆ.

ನಿನ್ನ
ಅಪ್ಪ